ರೊಟ್ಟಿ ಬಡಿಯುವವಳ ಹೆಸರು

ಊಟದ ಮನೆಗಳನ್ನು ಕುರಿತು ಬರೆಯುವವರು ನಮ್ಮಲ್ಲಿ ಕಡಿಮೆಯೇನಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ೧೯೨೪ರಲ್ಲಿ ಆರಂಭವಾಯಿತೆಂಬುದೂ ಗಾಂಧಿಬಜಾರಿನ ವಿದ್ಯಾರ್ಥಿ ಭವನ ೧೯೪೩ರಲ್ಲಿ ಬಾಗಿಲು ತೆರೆಯಿತೆಂಬುದೂ ಆ ಬೀದಿಗಳನ್ನು ಕಾಣದವರಿಗೂ ಗೊತ್ತು. ಯಾವ ಸಾಹಿತಿ ಯಾವ ಮೇಜಿನಲ್ಲಿ ಕುಳಿತು ದೋಸೆ ತಿಂದರೆಂಬುದು ಸಾಹಿತ್ಯ ಚರಿತ್ರೆಯ ಒಂದು ಅಧ್ಯಾಯವೇ ಆಗುವ ಹಾಗೆ ತೋರುತ್ತದೆ. ಇದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆ ದೋಸೆ ಆ ಕೀರ್ತಿಗೆ ತಕ್ಕುದೇ ಹೌದು. ಆದರೆ ಕನ್ನಡ ನಾಡಿನ ಊಟದ ಮನೆ ಎಂದೊಡನೆ ದೋಸೆ ಇಡ್ಲಿಗಳ ಉಪಾಹಾರಗೃಹವೊಂದೇ ಕಣ್ಣ ಮುಂದೆ ನಿಲ್ಲುವುದಾದರೆ, ನಾಡಿನ ಉತ್ತರದ ತುದಿಯಲ್ಲಿರುವ ಬೀದರ ಜಿಲ್ಲೆಯವರು ಒಂದು ಮಾತು ಹೇಳಬೇಕಾಗುತ್ತದೆ.

ಬೀದರದಿಂದ ಔರಾದದ ಕಡೆಗೆ ಹೊರಟವರಿಗೆ ಹಾದಿಯಲ್ಲಿ ಜನವಾಡ ಸಿಗುತ್ತದೆ, ಹೋಬಳಿಯ ಊರು. ಇಂಥ ಊರುಗಳಲ್ಲಿ, ಬೀದರದ ಹಳೆಯ ಓಣಿಗಳಲ್ಲಿ, ಭಾಲ್ಕಿಯ ಸಂತೆಯ ಬದಿಗೆ, ಕಂಡೂ ಕಾಣದ ಹಾಗೆ ಖಾನಾವಳಿಗಳು ಇರುತ್ತವೆ. ತಗಡಿನ ಮಾಡು, ನಾಲ್ಕು ಬೆಂಚು, ಕೈ ತೊಳೆಯಲು ಒಂದು ಪೀಪಾಯಿ. ಎಷ್ಟೋ ಖಾನಾವಳಿಗಳಿಗೆ ಹೊರಗೆ ಹಲಗೆಯೇ ಇಲ್ಲ. ಇದ್ದರೆ ಬಸವೇಶ್ವರನ ಹೆಸರೋ ವೀರಭದ್ರನ ಹೆಸರೋ, ಮಳೆಗೆ ಅರ್ಧ ಅಳಿಸಿಹೋಗಿರುತ್ತದೆ. ನೂರು ರೂಪಾಯಿಯ ನೋಟು ಕೊಟ್ಟು ಹೊಟ್ಟೆ ತುಂಬ ಉಂಡರೂ ಚಿಲ್ಲರೆ ಮರಳಿ ಬರುವ ಸ್ಥಳಗಳು ಇವು. ಇವುಗಳಲ್ಲಿ ಉತ್ತಮವಾದುದು ಯಾವುದೆಂದು ಕೇಳುವ ಸ್ನೇಹಿತರಿಗೆ ನಾನು ಹೆಸರು ಹೇಳುವ ಪದ್ಧತಿಯಿಲ್ಲ. ಒಂದು ಗುರುತು ಹೇಳುತ್ತೇನೆ. ಹೊರಗೆ ನಿಂತಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಕೇಳದಿದ್ದರೆ ಮುಂದಕ್ಕೆ ನಡೆಯಬೇಕು.

ದಕ್ಷಿಣದವರು ರೊಟ್ಟಿಯನ್ನು ತಟ್ಟುತ್ತಾರೆ, ನಮ್ಮವರು ಬಡಿಯುತ್ತಾರೆ. ಈ ಎರಡು ಕ್ರಿಯಾಪದಗಳ ನಡುವಿನ ಅಂತರ ನಿಘಂಟಿನದಷ್ಟೇ ಅಲ್ಲ, ರಟ್ಟೆಯದು. ಜೋಳದ ಹಿಟ್ಟಿನಲ್ಲಿ ಗೋದಿಯ ಹಿಟ್ಟಿನ ಅಂಟು ಇಲ್ಲ. ಆದುದರಿಂದ ಕುದಿಯುವ ಎಸರು ಹೊಯ್ದು, ಸುಡುಸುಡುವ ಹಿಟ್ಟನ್ನು ಅಂಗೈಯಿಂದಲೇ ನಾದಿ ಹದಕ್ಕೆ ತರಬೇಕು. ಹದ ತಪ್ಪಿದರೆ ಅಂಚು ಸೀಳುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಎಷ್ಟು ನಾದಿದರೂ ಕೂಡಿಕೊಳ್ಳುವುದಿಲ್ಲ. ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ ಉಂಡೆಯನ್ನಿಟ್ಟು, ಒಂದು ಕೈ ಬಡಿಯುತ್ತಿರುವಂತೆಯೇ ಇನ್ನೊಂದು ಕೈ ತಿರುಗಿಸುತ್ತಿರಬೇಕು. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುತ್ತಿರುವಾಗಲೇ ಮಗುಚಿಹಾಕಬೇಕು. ಅನಂತರ ಬೆಂಕಿಯ ಮಗ್ಗುಲಿಗೆ ಒರಗಿಸಿದರೆ ರೊಟ್ಟಿ ಉಸಿರು ತುಂಬಿಕೊಂಡಂತೆ ಉಬ್ಬುತ್ತದೆ. ಇಷ್ಟು ಕೆಲಸ ಒಂದು ರೊಟ್ಟಿಗೆ. ಮಧ್ಯಾಹ್ನದ ಎರಡು ತಾಸಿನಲ್ಲಿ ಇಂಥವು ನೂರಾರು ಆಗಬೇಕು, ಪ್ರತಿಯೊಂದೂ ಬಿಸಿಯಾಗಿಯೇ ತಾಟಿಗೆ ಬೀಳಬೇಕು. ಕೈಬರಹದಿಂದ ಬರೆದವನನ್ನು ಗುರುತಿಸುವ ಹಾಗೆ, ಅಂಚನ್ನು ನೋಡಿ ಬಡಿದವಳನ್ನು ಗುರುತಿಸುವ ಗಿರಾಕಿಗಳೂ ಉಂಟು.

ರೊಟ್ಟಿಯ ಜೊತೆಗೆ ತೊಗರಿಬೇಳೆ, ಪುಂಡಿಪಲ್ಯ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಕೆಲವು ದಿನ ಝುಣಕ. ಎಳ್ಳಮಾವಾಸ್ಯೆಯ ಭಜ್ಜಿಯ ಆಸೆಯನ್ನು ಮಾತ್ರ ಇಲ್ಲಿಗೆ ತರಬಾರದು. ಅದನ್ನು ಹೊಲದಲ್ಲಿ ಕುಳಿತೇ ಉಣ್ಣಬೇಕು. ಭಾಷೆಯನ್ನು ಓದಿಕೊಂಡವನಿಗೆ ಈ ತಾಟು ಒಂದು ಸಣ್ಣ ಪಾಠ. ಖಾನಾವಳಿ ಎಂಬ ಮಾತೇ ಮರಾಠಿಯಿಂದ ಬಂದದ್ದು. ನಮ್ಮ ಪುಂಡಿಯನ್ನು ಬೆಂಚಿನ ಆಚೆಯ ತುದಿಯ ತೆಲುಗಿನವನು ಗೋಂಗೂರ ಎನ್ನುತ್ತಾನೆ, ನಡುವೆ ಕುಳಿತ ಮರಾಠಿಗನು ಅಂಬಾಡಿ ಎನ್ನುತ್ತಾನೆ. ರೊಟ್ಟಿಯು ಒಬ್ಬನಿಗೆ ಭಾಕರಿ, ಒಬ್ಬನಿಗೆ ಜೊನ್ನ ರೊಟ್ಟೆ, ದಖನಿ ಆಡುವವನಿಗೆ ಜವಾರಿ ಕಿ ರೋಟಿ. ಬಡಿಸುವ ಹುಡುಗನು ಈ ನಾಲ್ಕಕ್ಕೂ ಓಗೊಡುತ್ತಾನೆ. ನಮ್ಮ ಗಡಿನಾಡಿನ ಭಾಷಾವಿವಾದಗಳನ್ನು ಬಗೆಹರಿಸಲು ಕೂಡುವ ಸಭೆಗಳು ಇಂಥ ಬೆಂಚುಗಳ ಮೇಲೆ ಕೂಡಿದರೆ ಬೇಗ ಮುಗಿದಾವೇನೋ.

ಹದಿನೈದನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದ ಬೀದರಿಗೆ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಬಂದಿದ್ದನು. ಈ ದೇಶದಲ್ಲಿ ಒಂದು ಮತದವರು ಇನ್ನೊಂದು ಮತದವರೊಡನೆ ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಸಂಬಂಧ ಬೆಳೆಸುವುದಿಲ್ಲವೆಂಬುದನ್ನು ಅವನು ಕಂಡು ಬರೆದಿಟ್ಟಿದ್ದಾನೆ. ಮೂರನೆಯ ಮಾತು ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇದೆ. ಮೊದಲಿನ ಎರಡನ್ನು ಸಡಿಲಿಸಿದವರಲ್ಲಿ ನಮ್ಮ ಸುಧಾರಕರ ಜೊತೆಗೆ ಖಾನಾವಳಿಯ ಬೆಂಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಲಗೆಯ ಮೇಲೆ ಜಾತಿಯ ಹೆಸರನ್ನು ಬರೆಸಿಕೊಂಡ ಖಾನಾವಳಿಗಳು ಇಲ್ಲವೆಂದಲ್ಲ. ಇಲ್ಲಿ ಮಾಂಸದ ಅಡಿಗೆಯಿಲ್ಲವೆಂದು ತಿಳಿಸುವುದಕ್ಕೆ ಅದೊಂದು ಸುಲಭದ ಉಪಾಯವೆಂದು ಮಾಲಿಕರು ಸಮರ್ಥಿಸುವುದುಂಟು, ನನಗದು ರುಚಿಸದು. ಆದರೂ ಒಳಗೆ ಹೋಗಿ ಕುಳಿತವನನ್ನು ನೀನು ಯಾರೆಂದು ಕೇಳುವುದಿಲ್ಲ, ಎಷ್ಟು ರೊಟ್ಟಿ ಎಂದು ಕೇಳುತ್ತಾರೆ.

ಅನ್ನದಾನಕ್ಕೆ ಹೆಸರಾದ ನೆಲ ಇದು. ಬೀದರದ ನಾನಕ ಝೀರಾ ಗುರುದ್ವಾರದ ಲಂಗರಿನಲ್ಲಿ ಬಂದವರಿಗೆಲ್ಲ ಊಟವುಂಟು. ಮಠಗಳ ದಾಸೋಹವನ್ನು ಬೇರೆ ಹೇಳಬೇಕಾಗಿಲ್ಲ. ಅವು ದೊಡ್ಡವು. ಆದರೆ ದಿನವೂ ದಾನದ ಅನ್ನ ಉಣ್ಣಲು ಸಂಕೋಚಪಡುವ ಒಂದು ವರ್ಗವಿದೆ: ಔರಾದ, ಭಾಲ್ಕಿಗಳ ಹಳ್ಳಿಗಳಿಂದ ಓದಲು ಬಂದು ಬಾಡಿಗೆಯ ಕೋಣೆಯಲ್ಲಿರುವ ಹುಡುಗರು, ಕಚೇರಿಯ ಕೆಲಸಕ್ಕೆಂದು ಬಂದ ರೈತರು, ಲಾರಿಯವರು. ಇವರಿಗೆ ಖಾನಾವಳಿಯು ಹಣ ತೆಗೆದುಕೊಳ್ಳುವುದೇ ಒಂದು ಉಪಕಾರ. ಕೊಟ್ಟು ಉಂಡವನು ತಲೆಯೆತ್ತಿ ಹೊರಗೆ ಬರುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಹೊಗಳಿಕೆ. ಈ ಊಟ ಇಷ್ಟು ಅಗ್ಗವಾಗಿ ದೊರೆಯುವುದು ಹೇಗೆಂಬುದನ್ನು ನಾವು ಉಂಡವರು ವಿಚಾರಿಸುವುದಿಲ್ಲ. ಜೋಳವು ಬಡವರ ಧಾನ್ಯವೆಂಬ ಮಾತು ಹಳತಾಯಿತು. ೨೦೧೩ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಮನೆಗೆ ಅಕ್ಕಿ ತಾನಾಗಿ ಬರುತ್ತಿದೆ. ಹಸಿವನ್ನು ಹಿಂಗಿಸಿದ ಆ ಯೋಜನೆಯನ್ನು ಹಳಿಯುವವನು ನಾನಲ್ಲ. ಜೋಳವನ್ನಾದರೋ ಬಹುಮಟ್ಟಿಗೆ ಪೇಟೆಯಲ್ಲಿ ಕೊಳ್ಳಬೇಕು. ಇತ್ತ ನಮ್ಮ ಜಿಲ್ಲೆಯ ಕಪ್ಪು ನೆಲವನ್ನು ಮುಂಗಾರಿನಲ್ಲಿ ಸೋಯಾ ಆವರಿಸಿದೆ. ಕೊಯ್ಲಿಗೆ ಆಳುಗಳನ್ನು ಬೇಡುವ ಜೋಳಕ್ಕಿಂತ ಯಂತ್ರಕ್ಕೆ ಒಗ್ಗುವ, ಕೈಗೆ ರೊಕ್ಕ ತರುವ ಬೆಳೆ ರೈತನಿಗೆ ಹಿತವಾದರೆ ಅದು ಅವನ ತಪ್ಪಲ್ಲ. ಹೀಗೆ ಬಡವರ ರೊಟ್ಟಿ ದುಬಾರಿಯಾಗಿ, ಉಳ್ಳವರ ಅನ್ನ ಅಗ್ಗವಾಗಿ, ಗಾದೆಗಳೆಲ್ಲ ತಲೆಕೆಳಗಾಗಿವೆ. ಹಿಟ್ಟು ತುಟ್ಟಿ, ಎಣ್ಣೆ ತುಟ್ಟಿ, ಅನಿಲ ತುಟ್ಟಿ. ತಾಟಿನ ಬೆಲೆಯನ್ನು ಐದು ರೂಪಾಯಿ ಏರಿಸಿದರೂ ಗಿರಾಕಿ ಗೊಣಗುತ್ತಾನೆ. ಹಾಗಾದರೆ ಎಲ್ಲಿ ಉಳಿಸಬೇಕು? ಒಲೆಯ ಮುಂದೆ ಕುಳಿತವಳ ಕೂಲಿಯಲ್ಲಿ. ಅವಳು ಮಾಲಿಕನ ಮನೆಯವಳೇ ಆದರೆ ಆ ಕೂಲಿಯೂ ಇಲ್ಲ. ೨೦೧೭ರಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ ಹತ್ತು ರೂಪಾಯಿಯ ಊಟಕ್ಕೆ ಉಳಿದ ವೆಚ್ಚವನ್ನು ಸರಕಾರ ತುಂಬಿತು. ಖಾನಾವಳಿಯ ಊಟಕ್ಕೆ ಉಳಿದ ವೆಚ್ಚವನ್ನು ತುಂಬುತ್ತಿರುವವಳು ಈ ಹೆಂಗಸು.

ಹನ್ನೆರಡನೆಯ ಶತಮಾನದ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಅಂದಿನ ವಚನಕಾರ್ತಿಯರ ಸಾಲಿನಲ್ಲಿ ಕೊಟ್ಟಣದ ಸೋಮಮ್ಮ ಎಂಬವಳು ಬರುತ್ತಾಳೆ. ಕೊಟ್ಟಣ ಕುಟ್ಟುವುದು, ಎಂದರೆ ಧಾನ್ಯ ಕುಟ್ಟುವುದು, ಅವಳ ಕಾಯಕ. ಅವಳದೆಂದು ನಮಗೆ ದೊರೆತಿರುವುದು ಒಂದೇ ವಚನ. ತರಗತಿಯಲ್ಲಿ ನಾವು ಅವಳನ್ನು ಒಂದು ನಿಮಿಷದಲ್ಲಿ ದಾಟಿಹೋಗುತ್ತೇವೆ. ನಿಂತು ನೋಡಬೇಕಾದದ್ದು ಆ ಹೆಸರನ್ನು. ಒನಕೆ ಹಿಡಿದ ಹೆಂಗಸಿನ ಹೆಸರನ್ನು ಅವಳ ಕೆಲಸದ ಸಮೇತ ಆ ಕಾಲ ಕಾಪಾಡಿಕೊಂಡು ಬಂದಿದೆ. ಕದಿರ ರೆಮ್ಮವ್ವೆಯ ಹೆಸರೂ ಹಾಗೆಯೇ. ಎಂಟು ನೂರು ವರ್ಷಗಳ ಮೇಲೆ ಅದೇ ನೆಲದಲ್ಲಿ, ಬಸವೇಶ್ವರನ ಹೆಸರಿನ ಹಲಗೆಯ ಕೆಳಗೆ, ಅವಳ ಕೆಲಸವನ್ನೇ ಮುಂದುವರಿಸುತ್ತಿರುವವಳ ಹೆಸರು ದಿನವೂ ಉಣ್ಣುವ ಗಿರಾಕಿಗೆ ತಿಳಿಯದು. ಈಚಿನ ವರ್ಷಗಳಲ್ಲಿ ನೆರೆಯ ಜಿಲ್ಲೆಯವರು ಮಹಿಳಾ ಸಂಘಗಳ ಮೂಲಕ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ರೊಟ್ಟಿಯನ್ನು ಹೊರ ಊರುಗಳಿಗೂ ಮಾರುವ ವ್ಯವಸ್ಥೆ ಮಾಡಿದ್ದಾರೆ. ಒಳ್ಳೆಯ ಕೆಲಸ, ರೊಟ್ಟಿಗೆ ಊರಿನ ಹೆಸರು ಬಂತು. ಬಡಿದವಳ ಹೆಸರಿಗೆ ಇನ್ನೂ ಒಂದು ಮೆಟ್ಟಲು ಉಳಿದಿದೆ.

ಯಂತ್ರ ಬಂದರೆ ಅವಳ ರಟ್ಟೆಗೆ ಬಿಡುವು ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಸಂಗ್ರಹಿಸಿಡುವ ಕಡಕ್ ರೊಟ್ಟಿಗೆ ಯಂತ್ರ ಬರಲಿ; ಬಂದೂ ಇದೆ. ಹಿಟ್ಟು ನಾದಲು ಬಂದರೆ ಇನ್ನೂ ಲೇಸು, ಕೈ ಸುಡುವುದು ಅಲ್ಲಿಯೇ. ಆದರೆ ಯಂತ್ರದ ಜೊತೆಗೆ ಅವಳ ಕೂಲಿಯೂ ಹೊರಟುಹೋಗುವುದಾದರೆ ಅದನ್ನು ಬಿಡುವೆಂದು ಕರೆಯಲಾಗದು. ಬೆಲೆ ಏರಿಸಿದರೆ ವಿದ್ಯಾರ್ಥಿಗಳ ಗತಿಯೇನು ಎಂಬ ಪ್ರಶ್ನೆ ಹೆಚ್ಚು ಗಟ್ಟಿಯಾದುದು. ತಿಂಗಳ ಊಟದ ಹುಡುಗರಿಗೆ ಈಗಿನ ದರವೇ ಇರಲಿ. ಸಂಬಳ ಬರುವ ನಮ್ಮಂಥ ಅಧ್ಯಾಪಕರು, ಕಚೇರಿಯವರು, ಕೋಟೆ ನೋಡಲು ಕಾರಿನಲ್ಲಿ ಬಂದವರು ರೊಟ್ಟಿಯೊಂದಕ್ಕೆ ಎರಡು ರೂಪಾಯಿ ಹೆಚ್ಚು ಕೊಡಬೇಕು. ಅದು ಗಲ್ಲೆಗೆ ಸೇರದೆ ಒಲೆಯ ಕಡೆಗೆ ಹೋಗುವುದೆಂಬ ಕರಾರು ಮಾಡಿಕೊಂಡು ಕೊಡಬೇಕು. ಹಲಗೆಯನ್ನು ಮುಂದಿನ ಸಲ ಬಣ್ಣ ಬಳಿಸುವಾಗ ಬಸವೇಶ್ವರನ ಹೆಸರಿನ ಕೆಳಗೆ ಇನ್ನೊಂದು ಹೆಸರಿಗೆ ಸ್ಥಳ ಬಿಡಬಹುದು.

ಹೋಗುವವರು ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗುವುದು ಒಳ್ಳೆಯದು. ಎರಡು ಹೊಡೆದ ಮೇಲೆ ಹೋದವರಿಗೆ ಉಳಿದಿರುವುದು ಅನ್ನ ಮತ್ತು ಸಾರು; ಆ ಹೊತ್ತಿಗೆ ಒಳಗಿನವರು ಉಣ್ಣಲು ಕುಳಿತಿರುತ್ತಾರೆ, ಅವರನ್ನು ಎಬ್ಬಿಸಬಾರದು.