ಟವೆಲ್ ಕೆಳಗಿನ ಲೆಕ್ಕ

ಮಕ್ಕಳೇ, ಸಂಕ್ರಾಂತಿಗೆ ವಿಜಯಪುರಕ್ಕೆ ಬಂದರೆ ಸಿದ್ಧೇಶ್ವರ ಜಾತ್ರೆಯನ್ನು ನೋಡದೆ ಹೋಗಬೇಡಿ. 12ನೇ ಶತಮಾನದ ಶರಣ, ಸೊನ್ನಲಿಗೆಯ ಸಿದ್ಧರಾಮನೇ ಈ ಸಿದ್ಧೇಶ್ವರ. ಸೊನ್ನಲಿಗೆ ಅಂದರೆ ಈಗಿನ ಸೊಲ್ಲಾಪುರ. ಎತ್ತರದ ನಂದಿಕೋಲುಗಳನ್ನು ಸೊಂಟದ ಮೇಲೆ ಹೊತ್ತು ಮೆರವಣಿಗೆ ಹೊರಡುತ್ತದೆ. ರಾತ್ರಿ ಮದ್ದು ಸುಡುತ್ತಾರೆ. ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ!

ನನಗೆ ಎಲ್ಲಕ್ಕಿಂತ ಇಷ್ಟ ತೊರವಿಯ ದನಗಳ ಜಾತ್ರೆ. ಟಿಕೋಟಾ ಕಡೆಯಿಂದ ಬರುವವರಿಗೆ ನಗರಕ್ಕಿಂತ ಮೊದಲು ತೊರವಿಯೇ ಸಿಗುತ್ತದೆ. ಕೊಳ್ಳುವವರು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ. ಎರಡು ಹಲ್ಲಾದರೆ ಎಳೆಯದು. ಎಂಟಾದರೆ ಬಾಯಿಗೂಡಿತು ಅನ್ನುತ್ತಾರೆ. ಬೆಲೆಯನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಬೆರಳೇ ಲೆಕ್ಕ!

ಕಳೆದ ಜಾತ್ರೆಯಲ್ಲಿ ಬಬಲೇಶ್ವರದ ಹಿರಿಯರೊಬ್ಬರು ಜೋಡೆತ್ತು ತಂದಿದ್ದರು.

"ಯಾಕ ಮಾರಾಕತ್ತೀರಿ, ಮುತ್ಯಾ?" ಎಂದೆ.

"ಮನ್ಯಾಗ ಟ್ರ್ಯಾಕ್ಟರ್ ಬಂದೈತ್ರಿ. ಆದ್ರ ಗಳೆ ಹೊಡಿಯಾವರಿಗಷ್ಟ ಕೊಡ್ತೀನಿ."

ಒಬ್ಬ ವ್ಯಾಪಾರಿ ಬೆರಳು ಹಿಡಿದ. ಬೆಲೆ ಚೆನ್ನಾಗಿಯೇ ಇತ್ತಂತೆ. "ಹೊಲ ಎಷ್ಟೈತಿ?" ಎಂದು ಮುತ್ಯಾ ಕೇಳಿದರು. ಅವನು ಸುಮ್ಮನಾದ. ಮುತ್ಯಾ ಕೈ ಎಳೆದುಕೊಂಡರು. ಸಂಜೆ ಟಿಕೋಟಾ ಕಡೆಯ ರೈತನಿಗೆ ಕಡಿಮೆ ಬೆಲೆಗೇ ಜೋಡಿ ಕೊಟ್ಟರು. ಎರಡೂ ಎತ್ತುಗಳಿಗೆ ಬೆಲ್ಲ ತಿನ್ನಿಸಿ, ಒಂದರ ಹೆಸರು, ಇನ್ನೊಂದರ ಹಟ, ಎಲ್ಲ ಹೇಳಿ ಹಗ್ಗ ಒಪ್ಪಿಸಿದರು.

ಟ್ರ್ಯಾಕ್ಟರ್ ಬಂದಲ್ಲೆಲ್ಲ ಕೊಟ್ಟಿಗೆ ಖಾಲಿಯಾಗುತ್ತಿದೆ. ಈ ಬೆರಳಿನ ಲೆಕ್ಕ ಬಲ್ಲವರು ಇರುವಾಗಲೇ ತೊರವಿಗೆ ಹೋಗಿ ಬನ್ನಿ. ಹಲ್ಲು ಎಣಿಸಲು ಯಾರಾದರೂ ಖುಷಿಯಿಂದ ಕಲಿಸುತ್ತಾರೆ.