ಉಂಡೂ ಹೋದ, ಕೊಂಡೂ ಹೋದ

ತಲಾ ಎರಡೂವರೆ ಲಕ್ಷ ಪೌಂಡ್. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 20 ಫುಟ್‌ಬಾಲ್ ಕ್ಲಬ್ಬುಗಳು 2018ರ ನವೆಂಬರಿನಲ್ಲಿ ತಮ್ಮ ಮುಖ್ಯಸ್ಥ ರಿಚರ್ಡ್ ಸ್ಕುಡಾಮೋರ್ ಅವರ ಬೀಳ್ಕೊಡುಗೆಗೆ ಎತ್ತಿದ ವಂತಿಗೆ ಇದು. ಒಟ್ಟು 50 ಲಕ್ಷ ಪೌಂಡ್, ಮೂರು ವರ್ಷಗಳಲ್ಲಿ ಸಂದಾಯ. ಪ್ರಸ್ತಾವ ಮುಂದಿಟ್ಟವರು ಚೆಲ್ಸಿ ಕ್ಲಬ್ಬಿನ ಅಂದಿನ ಅಧ್ಯಕ್ಷ ಬ್ರೂಸ್ ಬಕ್. ವರ್ಷಕ್ಕೆ 20 ಲಕ್ಷ ಪೌಂಡಿಗೂ ಮಿಕ್ಕಿ ಸಂಬಳ, ಬೋನಸ್ಸು ಎಣಿಸಿಕೊಂಡವರಿಗೆ ಮೇಲೊಂದು ಕಾಣಿಕೆ. ಅಭಿಮಾನಿಗಳ ಒಕ್ಕೂಟ ಬೇಡವೇ ಬೇಡ ಎಂದಿತು. ಕ್ಲಬ್ಬುಗಳು ಒಪ್ಪಿ ಮುಗಿಸಿದವು.

ಅಂದು ಹತ್ತಿಕೊಂಡ ಜಗಳ ಇಂದಿಗೂ ಆರಿಲ್ಲ. ಸ್ಕುಡಾಮೋರ್ ಲೀಗನ್ನು ಬೆಳೆಸಿದರೋ, ಮಾರಿದರೋ? ಬೆಳೆಸಿದರು ಎನ್ನುವವರು ಅಂಕಿಗಳನ್ನು ಮುಂದೆ ಸುರಿಯುತ್ತಾರೆ. ಸುರಿಯಲಿ, ಅಂಕಿಗಳು ಸುಳ್ಳಲ್ಲ. 1999ರಲ್ಲಿ ಅವರು ಕುರ್ಚಿ ಏರಿದಾಗ ಚಾಲ್ತಿಯಲ್ಲಿದ್ದ ಬ್ರಿಟನ್ನಿನ ಟಿವಿ ಒಪ್ಪಂದ ನಾಲ್ಕು ವರ್ಷಕ್ಕೆ 67 ಕೋಟಿ ಪೌಂಡಿನದು. 2016ರಿಂದ ಮೂರು ವರ್ಷಕ್ಕೆ ಅವರು ಕುದುರಿಸಿದ್ದು 513 ಕೋಟಿಯದು. ವರ್ಷದ ಲೆಕ್ಕ ಹಿಡಿದರೆ ಹತ್ತು ಪಟ್ಟು. ಹಂಚಿಕೆಯಲ್ಲೂ ಒಂದು ನ್ಯಾಯವಿತ್ತು. ದೇಶದೊಳಗಿನ ಟಿವಿ ಹಣದ ಅರ್ಧದಷ್ಟು ಎಲ್ಲರಿಗೂ ಸಮಪಾಲು, ವಿದೇಶದಿಂದ ಬಂದದ್ದು ಪೂರ್ತಿ ಸಮಪಾಲು. ಸೂತ್ರ ಅವರಿಗಿಂತ ಹಳೆಯದು, ಆದರೆ ದೊಡ್ಡ ಕ್ಲಬ್ಬುಗಳ ಬಾಯಿಗೆ ಬೀಳದಂತೆ ಅದನ್ನು ಬಹುಕಾಲ ಕಾಪಾಡಿದ್ದು ಅವರ ಹೆಗ್ಗಳಿಕೆ. ಸ್ಪೇನಿನಲ್ಲಿ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ತಂತಮ್ಮ ಪಂದ್ಯ ತಾವೇ ಮಾರಿಕೊಂಡು ಮಿಕ್ಕವರಿಗೆ ಚಿಲ್ಲರೆ ಬಿಡುತ್ತಿದ್ದವು. ಅದನ್ನು ತಡೆಯಲು 2015ರಲ್ಲಿ ಸರ್ಕಾರವೇ ಕಾನೂನು ತರಬೇಕಾಯಿತು. 2016ರಲ್ಲಿ ಲೆಸ್ಟರ್ ಸಿಟಿಯಂಥ ಸಣ್ಣ ಕ್ಲಬ್ಬು ಲೀಗ್ ಪ್ರಶಸ್ತಿ ಎತ್ತಿದ್ದರಲ್ಲಿ ಈ ಹಂಚಿಕೆಯ ಪಾಲೂ ಇದೆ. ಇಷ್ಟನ್ನೂ ಒಪ್ಪದವನು ಹಟಮಾರಿ.

ನನ್ನ ತಕರಾರು ಬೇರೆ. ಮಾರಿದ ಸರಕು ಯಾರದ್ದು?

ಇಪ್ಪತ್ತೆರಡು ಜನ ಚೆಂಡು ಒದೆಯುವುದನ್ನಷ್ಟೇ ಪಂದ್ಯ ತೋರಿಸುವ ಸ್ಕೈ ವಾಹಿನಿ ಕೊಂಡುಕೊಂಡದ್ದಲ್ಲ. 2020ರ ಜೂನ್‌ನಲ್ಲಿ, ಕೋವಿಡ್ ನಡುವೆ ಖಾಲಿ ಮೈದಾನದಲ್ಲಿ ಪಂದ್ಯ ಮತ್ತೆ ಶುರುವಾದಾಗ ಅದು ಬಯಲಾಯಿತು. ಆಟಗಾರರು ಅವರೇ, ಹುಲ್ಲು ಅದೇ, ಕ್ಯಾಮೆರಾ ಅವೇ. ಆದರೂ ನೋಡುವವರಿಗೆ ಸಪ್ಪೆ ಎನಿಸೀತೆಂದು ವಾಹಿನಿ ವಿಡಿಯೋ ಗೇಮ್ ಕಂಪನಿಯೊಂದರಿಂದ ಧ್ವನಿಮುದ್ರಿತ ಗದ್ದಲ ತರಿಸಿ ಪ್ರಸಾರಕ್ಕೆ ಬೆರೆಸಿತು. ಗೋಲಿಗೊಂದು ಕೇಕೆ, ತಪ್ಪಿದ್ದಕ್ಕೊಂದು ನಿಟ್ಟುಸಿರು, ಎಲ್ಲವೂ ಗುಂಡಿ ಒತ್ತಿದರೆ. ಅಷ್ಟು ವರ್ಷ ಪುಕ್ಕಟೆ ಸಿಕ್ಕಿದ್ದ ಆ ಸದ್ದು, ತಪ್ಪು, ಪುಕ್ಕಟೆಯೂ ಅಲ್ಲ, ಕೂಗುವವರೇ ದುಡ್ಡು ಕೊಟ್ಟು ಬಂದು ಕೂಗುತ್ತಿದ್ದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ.

ಆ ಕೋಡಂಗಿಗಳಿಗೆ ಸಿಕ್ಕ ಮರ್ಯಾದೆ ನೋಡಿ. ಟಿವಿಗೆ ಒಗ್ಗುವಂತೆ ಪಂದ್ಯ ಸೋಮವಾರ ರಾತ್ರಿ ಎಂಟಕ್ಕೆ. ನ್ಯೂಕ್ಯಾಸಲ್‌ನ ಅಭಿಮಾನಿ ಸೌತಾಂಪ್ಟನ್‌ಗೆ ಹೋಗಬೇಕೆಂದರೆ ನಮ್ಮ ಬೆಂಗಳೂರು–ವಿಜಯಪುರದಷ್ಟು ದಾರಿ. ಪಂದ್ಯ ಮುಗಿಯುವ ಹೊತ್ತಿಗೆ ಊರಿಗೆ ರೈಲಿಲ್ಲ, ಬೆಳಿಗ್ಗೆ ಕೆಲಸಕ್ಕೆ ರಜೆಯಿಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಇಟ್ಟರೆ ನಸುಕಿನಲ್ಲೇ ಬಸ್ಸು ಹತ್ತಬೇಕು. ಆ ಹನ್ನೆರಡೂವರೆ ನಮಗೆ ಸಂಜೆ ಐದೋ ಆರೋ, ಕಾಫಿ ಹಿಡಿದು ಕೂರುವ ಹೊತ್ತು. ಇನ್ನೊಂದು ತಮಾಷೆ: ಶನಿವಾರ ಮಧ್ಯಾಹ್ನ ಮೂರರ ಪಂದ್ಯವನ್ನು ಬ್ರಿಟನ್ನಿನ ಯಾವ ವಾಹಿನಿಯೂ ನೇರವಾಗಿ ತೋರಿಸುವಂತಿಲ್ಲ. ಅದೇ ಪಂದ್ಯ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪಬ್ಬಿನಲ್ಲಿ, ಇಂದಿರಾನಗರದ ಮನೆಯಲ್ಲಿ ರಾತ್ರಿ ಏಳೂವರೆಗೋ ಎಂಟೂವರೆಗೋ ಸಲೀಸಾಗಿ ಸಿಗುತ್ತದೆ. ಸ್ಕುಡಾಮೋರ್ ಸಾಹೇಬರಿಂದ ಉಪಕಾರ ಪಡೆದವರ ಪಟ್ಟಿಯಲ್ಲಿ ನಾವೂ ಇದ್ದೇವೆ. ಹಾಗೆಂದು ಅವರ ಪರ ಸಾಕ್ಷಿ ಹೇಳಬೇಕಾಗಿಲ್ಲ. 2008ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಋತುವಿನ 38 ಪಂದ್ಯಗಳ ಮೇಲೆ 39ನೆಯದನ್ನು ಹೊರದೇಶಗಳ ನಗರಗಳಲ್ಲಿ ಆಡಿಸುವ ಯೋಜನೆ ತೆಗೆದಿದ್ದರು. ಅಭಿಮಾನಿಗಳು ಕೆರಳಿದರು, ಫಿಫಾ ಕೂಡ ಮುಖ ಸಿಂಡರಿಸಿತು, ಯೋಜನೆ ಮೂಲೆಗೆ ಬಿತ್ತು.

ಅವರ ಹೊಗಳಿಕೆಯಲ್ಲಿ ತಪ್ಪದೇ ಬರುವ ಇನ್ನೊಂದು ಮಾತು, ಹೊರಊರಿಂದ ಬರುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ. ಇದು ಶುದ್ಧ ಕೈಚಳಕ. 2016ರ ಫೆಬ್ರವರಿ 6ರಂದು ತನ್ನ ಮೈದಾನ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ತಂಡ ಸಂಡರ್‌ಲ್ಯಾಂಡ್ ಎದುರು 2–0 ಮುಂದಿತ್ತು. 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರನಡೆದರು. ಕ್ಲಬ್ಬು ಟಿಕೆಟ್ ದರವನ್ನು 77 ಪೌಂಡಿನವರೆಗೆ ಏರಿಸುತ್ತೇನೆಂದಿದ್ದಕ್ಕೆ ಅದು ಉತ್ತರ. ಬರಿದಾಗುತ್ತಿದ್ದ ಗ್ಯಾಲರಿಯ ಮುಂದೆ ತಂಡ ಎರಡು ಗೋಲು ಬಿಟ್ಟುಕೊಟ್ಟು ಡ್ರಾ ಮಾಡಿಕೊಂಡಿತು. ಅದೇ ವಾರ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಕೈಬಿಟ್ಟರು. ಮರುತಿಂಗಳು 30 ಪೌಂಡಿನ ಮಿತಿ ಬಂತು. ವರ್ಷಗಟ್ಟಲೆ ಅದಕ್ಕಾಗಿ ಬೀದಿಗಿಳಿದವರು ಅಭಿಮಾನಿಗಳು, ಶ್ರೇಯಸ್ಸು ಮಾತ್ರ ಲೀಗ್ ಕಚೇರಿಯ ಖಾತೆಗೆ. ಅಂದಹಾಗೆ ಬೀಳ್ಕೊಡುಗೆಯ ಆ 50 ಲಕ್ಷದಲ್ಲಿ ಇಂಥ ಟಿಕೆಟ್ ಒಂದು ಲಕ್ಷ ಅರವತ್ತಾರು ಸಾವಿರ ಬರುತ್ತಿದ್ದವು.

ಇನ್ನು ಮಾಲೀಕರ ವಿಷಯ. ತಾಯ್ನಾಡಿನಲ್ಲಿ ಭ್ರಷ್ಟಾಚಾರದ ಆರೋಪ ಹೊತ್ತಿದ್ದ ಥಾಯ್ಲೆಂಡಿನ ಮಾಜಿ ಪ್ರಧಾನಿ ಥಾಕ್ಸಿನ್ ಶಿನವಾತ್ರ 2007ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕೊಂಡರು. ಮಾನವ ಹಕ್ಕು ಸಂಘಟನೆಗಳು ಬೊಬ್ಬೆ ಹಾಕಿದವು. ಲೀಗ್‌ನ ಅರ್ಹತಾ ಪರೀಕ್ಷೆಯಲ್ಲಿ ಅವರು ಪಾಸು. ಪೋರ್ಟ್ಸ್‌ಮತ್ ಕ್ಲಬ್ಬು 2008ರಲ್ಲಿ ಎಫ್‌ಎ ಕಪ್ ಗೆದ್ದು, ಕೈಯಿಂದ ಕೈಗೆ ಮಾಲೀಕರು ಬದಲಾಗಿ, 2010ರಲ್ಲಿ ದಿವಾಳಿ ಎದ್ದಿತು. ಈ ಲೀಗ್‌ನಲ್ಲಿ ಅಂಥ ಗತಿ ಕಂಡ ಮೊದಲ ಕ್ಲಬ್ಬು. ಆಟದೊಳಗಿನ ಸಾಲ ಪೂರ್ತಿ ತೀರಬೇಕು, ಮಿಕ್ಕವರಿಗೆ ಉಳಿದದ್ದರಲ್ಲಿ ಪಾಲು ಎಂಬುದು ಅಲ್ಲಿನ ನಿಯಮ. ಹಾಗಾಗಿ ಆಟಗಾರರ ಬಾಕಿಗೆ ಮೊದಲ ಮಣೆ. ಪಂದ್ಯದ ದಿನ ಗಾಯಾಳುಗಳನ್ನು ನೋಡಿಕೊಳ್ಳುವ ಸ್ವಯಂಸೇವಾ ಸಂಸ್ಥೆ ಸೇಂಟ್ ಜಾನ್ ಆಂಬ್ಯುಲೆನ್ಸ್ ಹಿಂದಿನ ಸಾಲಿನಲ್ಲಿ ನಿಂತಿತ್ತು. ಕೊನೆಗೆ 2013ರಲ್ಲಿ ಆ ಕ್ಲಬ್ಬನ್ನು ಕೊಂಡು ಉಳಿಸಿದ್ದು ಅದರ ಅಭಿಮಾನಿಗಳೇ.

ಮಾಲೀಕರ ನೌಕರ ಮಾಲೀಕರ ಕೆಲಸ ಮಾಡಿದ, ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪಿಲ್ಲ, ಹಾಗಿದ್ದರೆ ಅವರನ್ನು ಆಟದ ಪೋಷಕ ಎಂದು ಮೆರೆಸಬೇಡಿ. ಅವರು ಹೋಗಿ ಮೂರು ವರ್ಷವೂ ತುಂಬುವ ಮೊದಲು, 2021ರ ಏಪ್ರಿಲ್‌ನಲ್ಲಿ, ಅವರು ಕೊಬ್ಬಿಸಿದ ಆರು ಕ್ಲಬ್ಬುಗಳೇ ಬಂಡೆದ್ದು ಬೇರೆಯದೇ ಸೂಪರ್ ಲೀಗ್ ಕಟ್ಟಲು ಹೊರಟವು. ಎರಡೇ ದಿನದಲ್ಲಿ ಅದನ್ನು ಮುರಿದದ್ದು ಚೆಲ್ಸಿ ಮೈದಾನದ ಮುಂದೆ ರಸ್ತೆ ತಡೆದು ಕೂತ ಜನ. ಆ ಸಿಟ್ಟಿನ ಬೆನ್ನಿಗೇ ಸರ್ಕಾರದ ಪರಿಶೀಲನೆ ನಡೆದು, 2025ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಅಂಗೀಕಾರವಾಯಿತು. ಕ್ಲಬ್ಬಿಗೆ ಪರವಾನಗಿ, ಮಾಲೀಕರ ತಪಾಸಣೆ, ಬಂಡಾಯ ಲೀಗ್‌ಗೆ ತಡೆ, ಎಲ್ಲಕ್ಕೂ ಸ್ವತಂತ್ರ ನಿಯಂತ್ರಕ. ಲೀಗ್ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ಸ್ಕುಡಾಮೋರ್ ಕಾಲದುದ್ದಕ್ಕೂ ನಡೆದ ವಾದಕ್ಕೆ ಸಂಸತ್ತು ಹಾಕಿದ ಅಂಕ ಇದು.

ಆದರೆ ಕಾಯ್ದೆಯಲ್ಲೂ ಟಿಕೆಟ್ ದರಕ್ಕೆ ಮಿತಿಯಿಲ್ಲ. ಅದಕ್ಕೂ ಮೊದಲೇ, 2024ರ ಋತುವಿಗೆ, ಬಹುತೇಕ ಕ್ಲಬ್ಬುಗಳು ದರ ಏರಿಸಿದ್ದವು, ಕೆಲವು ಮುದುಕರ, ಮಕ್ಕಳ ರಿಯಾಯಿತಿಗೂ ಕೈ ಹಾಕಿದ್ದವು. ಅಭಿಮಾನಿಗಳು ಮತ್ತೆ ಬ್ಯಾನರ್ ಬರೆದರು.