ಆಂಪ್ ಬದಲಿಸುವ ಮೊದಲು ಅದರ ಬೆನ್ನು ನೋಡಿ



ಗಾಯನವೃಂದದ ಎಲೆಕ್ಟ್ರಿಕ್ ಗಿಟಾರ್ ಕಲಸುಮೇಲೋಗರವಾಗಿ ಕೇಳಿಸತೊಡಗಿದರೆ ನಮ್ಮ ಕಾಸರಗೋಡು ಕಡೆ ಎಲ್ಲರ ಬಾಯಲ್ಲೂ ಒಂದೇ ಮದ್ದು: “ಆಂಪ್ ಸರಿ ಇಲ್ಲ, ಹೊಸತು ತೆಗೆಯುವಾ.” ವಾರ್ಷಿಕ ಹಬ್ಬ ಹತ್ತಿರ ಬಂತೆಂದರೆ ಚಂದಾ ಪುಸ್ತಕ ಹೊರಡುತ್ತದೆ, ಗಲ್ಫಿನಲ್ಲಿರುವ ಅಣ್ಣಂದಿರಿಗೆ ವಾಟ್ಸಾಪ್ ಸಂದೇಶ ಹೋಗುತ್ತದೆ. ಹೊಸ ಆಂಪ್ ಬರುತ್ತದೆ. ಎರಡನೇ ಭಾನುವಾರಕ್ಕೆ ಮತ್ತೆ ಅದೇ ಗಿಜಿಗಿಜಿ. ಹಳೆಯದು ಮಾಳಿಗೆಯ ಮೂಲೆಯಲ್ಲಿ ಧೂಳು ಹಿಡಿಯುತ್ತದೆ.

ಈ ಮದ್ದನ್ನು ನಾವು ಒಪ್ಪುವುದಿಲ್ಲ. ಗಾಯನವೃಂದದಲ್ಲಿ ಗಿಟಾರ್ ಹಿಡಿಯುವ ನಾವು ಬಹಿರಂಗವಾಗಿಯೇ ಹೇಳುತ್ತೇವೆ: ಬಹಳ ಸಲ ಕಾಯಿಲೆ ಇರುವುದು ಮಲ್ಟಿ-ಎಫೆಕ್ಟ್ಸ್ ಪೆಡಲನ್ನು ಆಂಪಿಗೆ ಜೋಡಿಸಿದ ರೀತಿಯಲ್ಲಿ. ಆಂಪಿನ ಬೆನ್ನಿನಲ್ಲಿ ‘ಎಫೆಕ್ಟ್ಸ್ ಲೂಪ್’ ಎಂಬ ಎರಡು ತೂತುಗಳಿವೆಯೇ ಎಂದು ನೋಡದೆ, ಇದ್ದರೆ ಅವನ್ನು ಬಳಸಿ ನೋಡದೆ, ಹೊಸ ಆಂಪಿಗಾಗಿ ಯಾರೂ ಜನರ ಮುಂದೆ ಕೈ ಚಾಚಬಾರದು.

ಗಿಟಾರ್ ಮುಟ್ಟದವರಿಗೂ ಅರ್ಥವಾಗುವಂತೆ ಹೇಳುತ್ತೇವೆ. ಆಂಪ್ ಎಂದರೆ ಒಂದೇ ಪೆಟ್ಟಿಗೆಯೊಳಗೆ ಇಬ್ಬರು ಕೆಲಸಗಾರರು. ಮೊದಲನೆಯವನು ಪ್ರೀಆಂಪ್. ಗಿಟಾರಿನಿಂದ ಬರುವ ಬಡಕಲು ಸಿಗ್ನಲನ್ನು ಮೇಲೆತ್ತುವವನು, ಬಾಸ್, ಟ್ರೆಬಲ್ ತಿದ್ದುವವನು, ಗೇನ್ ಏರಿಸಿದರೆ ಒರಟು ಡಿಸ್ಟಾರ್ಷನ್ ಕೊಡುವವನು ಇವನೇ. ಎರಡನೆಯವನು ಪವರ್ ಆಂಪ್. ಸ್ಪೀಕರನ್ನು ಅಲುಗಿಸುವ ಬಲ ಇವನದು. ಎಫೆಕ್ಟ್ಸ್ ಲೂಪ್ ಇವರಿಬ್ಬರ ನಡುವಿನ ಬಾಗಿಲು. ‘ಸೆಂಡ್’ ಎಂದು ಬರೆದಲ್ಲಿ ಪ್ರೀಆಂಪ್ ಮುಗಿಸಿದ ಸಿಗ್ನಲ್ ಹೊರಗೆ ಬರುತ್ತದೆ. ‘ರಿಟರ್ನ್’ ಎಂದು ಬರೆದಲ್ಲಿ ಅದು ಮತ್ತೆ ಒಳಗೆ ಹೋಗಿ ಪವರ್ ಆಂಪನ್ನು ಸೇರುತ್ತದೆ.

ಈಗ ಅಡುಗೆಮನೆಗೆ ಬನ್ನಿ. ಅಮ್ಮ ಮಸಾಲೆಯನ್ನು ಕಡೆಯುವ ಕಲ್ಲಿನಲ್ಲಿ ಕಡೆದು, ಸಾರು ಕುದಿಸಿ, ಕೊನೆಗೆ ಒಗ್ಗರಣೆ ಹಾಕುತ್ತಾರೆ. ಒಗ್ಗರಣೆಯನ್ನೂ ಮಸಾಲೆಯ ಜೊತೆ ಕಲ್ಲಿಗೆ ಹಾಕಿ ಕಡೆದರೆ ಏನಾಗುತ್ತದೆ? ಸಾಸಿವೆಯೂ ಕಾಣದು, ಬೇವಿನ ಎಲೆಯೂ ಕಾಣದು, ಪರಿಮಳವೂ ಉಳಿಯದು. ಡಿಸ್ಟಾರ್ಷನ್ ಕಡೆಯುವ ಕೆಲಸ. ಡಿಲೇ, ರಿವರ್ಬ್, ಕೋರಸ್ ಒಗ್ಗರಣೆ. ಪೆಡಲಿನ ಡಿಲೇ, ರಿವರ್ಬನ್ನೆಲ್ಲ ಆಂಪಿನ ಮುಂದಿನ ಇನ್‌ಪುಟ್‌ಗೆ ಸುರಿದು, ಆಮೇಲೆ ಆಂಪಿನ ಗೇನ್ ಏರಿಸುವವರು ಒಗ್ಗರಣೆಯನ್ನೇ ಕಡೆಯುತ್ತಿದ್ದಾರೆ.

ಇದು ಬರೀ ಹೋಲಿಕೆಯ ಮಾತಲ್ಲ. ಡಿಸ್ಟಾರ್ಷನ್ ಜೋರಾದ ಸದ್ದನ್ನು ಒತ್ತಿಹಿಡಿಯುತ್ತದೆ, ಮೆಲ್ಲನೆಯ ಸದ್ದನ್ನು ಮೇಲೆತ್ತುತ್ತದೆ. ಡಿಲೇಯ ಮರುದನಿ ಒಂದೊಂದೇ ಮೆಟ್ಟಿಲು ಇಳಿದು ಮಾಯವಾಗಬೇಕು. ಅದರ ನಂತರ ಡಿಸ್ಟಾರ್ಷನ್ ಬಂದರೆ ಮರುದನಿ ಇಳಿಯುವುದೇ ಇಲ್ಲ, ಮೂಲ ಸ್ವರದಷ್ಟೇ ಗಟ್ಟಿಯಾಗಿ ಅದರ ಬೆನ್ನೇರುತ್ತದೆ. ಹಿಂದಿನ ಕಾರ್ಡಿನ ಮರುದನಿ, ಈಗಿನ ಕಾರ್ಡು ಒಟ್ಟಿಗೆ ಅರೆದುಹೋಗಿ ಕೆಸರಾಗುತ್ತದೆ. ಈ ಕೆಸರಿಗೆ ಆಂಪನ್ನು ಬೈದು ಏನು ಫಲ? ಕೊಟ್ಟದ್ದನ್ನು ಅದು ಕಡೆದುಕೊಟ್ಟಿದೆ, ಅಷ್ಟೆ.

ಎರಡನೇ ಕಾರಣ ಇನ್ನೂ ಸಾಮಾನ್ಯ. ಪೆಡಲಿನಲ್ಲಿ ಕಂಪನಿಯವರೇ ತುಂಬಿಕೊಟ್ಟ ಪ್ಯಾಚುಗಳಲ್ಲಿ ಬಹಳಷ್ಟಕ್ಕೆ ಆಂಪಿನ ನಕಲು, ಸ್ಪೀಕರ್ ಪೆಟ್ಟಿಗೆಯ ನಕಲು ಸೇರಿಯೇ ಇರುತ್ತದೆ. ಹೆಡ್‌ಫೋನಿಗೋ ಮಿಕ್ಸರಿಗೋ ನೇರ ಹಾಕಿದರೆ ಅದು ಚೆಂದ. ಅದನ್ನೇ ನಿಜವಾದ ಆಂಪಿನ ಇನ್‌ಪುಟ್‌ಗೆ ಕೊಟ್ಟರೆ ಆಂಪಿನ ಮೇಲೆ ಆಂಪು, ಸ್ಪೀಕರಿನ ಮೇಲೆ ಸ್ಪೀಕರು. ಕಂಬಳಿ ಹೊದೆದು ಮಾತಾಡಿದ ಹಾಗೆ ಕೇಳಿಸುತ್ತದೆ. ಪೆಡಲಿನ ಮೆನುವಿಗೆ ಹೋಗಿ ಆ ಎರಡನ್ನೂ ಆಫ್ ಮಾಡಿ. ಖರ್ಚು ಸೊನ್ನೆ.

“ಅಷ್ಟು ದೊಡ್ಡ ವಾದಕರೇ ಎಲ್ಲವನ್ನೂ ಮುಂದೆಯೇ ಹಾಕುತ್ತಾರಲ್ಲ?” ಎಂದು ಕೇಳುವವರಿದ್ದಾರೆ. ನಿಜ. ಯು2 ತಂಡದ ದಿ ಎಡ್ಜ್ ಡಿಲೇಯನ್ನು ಹಳೆಯ ವೋಕ್ಸ್ ಎಸಿ30 ಆಂಪಿನ ಮುಂದೆ ಹಾಕಿಯೇ ಹೆಸರು ಮಾಡಿದರು. ಆ ಕಾಲದ ಆಂಪುಗಳಿಗೆ ಲೂಪೇ ಇರಲಿಲ್ಲ. ಆದರೆ ಅವರ ಆಂಪು ಸ್ವರವನ್ನು ಪುಡಿಮಾಡುವಷ್ಟು ಗೇನಿನಲ್ಲಿ ಇರುವುದಿಲ್ಲ. ನೀವೂ ಆಂಪನ್ನು ಕ್ಲೀನ್ ಇಟ್ಟು, ಡಿಸ್ಟಾರ್ಷನನ್ನು ಪೆಡಲಿನಲ್ಲೇ ಡಿಲೇಯ ಮೊದಲು ಇಡುವುದಾದರೆ ಮುಂದೆಯೇ ಹಾಕಿ, ನಮ್ಮ ತಕರಾರಿಲ್ಲ. ಆಂಪಿನ ಗೇನೂ ಬೇಕು, ಪೆಡಲಿನ ರಿವರ್ಬೂ ಬೇಕು, ಲೂಪ್ ಮಾತ್ರ ಬೇಡ ಎನ್ನುವವರೊಂದಿಗೆ ನಮ್ಮ ಜಗಳ.

ಹಾಗಾದರೆ ಜೋಡಿಸುವುದು ಹೇಗೆ?

ಸುಲಭದ ದಾರಿ: ಗಿಟಾರಿನಿಂದ ಆಂಪಿನ ಇನ್‌ಪುಟ್‌ಗೆ ಒಂದು ಕೇಬಲ್. ಆಂಪಿನ ಸೆಂಡ್‌ನಿಂದ ಪೆಡಲಿನ ಇನ್‌ಪುಟ್‌ಗೆ ಇನ್ನೊಂದು. ಪೆಡಲಿನ ಔಟ್‌ಪುಟ್‌ನಿಂದ (ಒಂದೇ ಕೇಬಲಾದರೆ ‘ಮೋನೋ’ ಎಂದು ಬರೆದ ತೂತಿನಿಂದ) ಆಂಪಿನ ರಿಟರ್ನ್‌ಗೆ ಮೂರನೆಯದು. ಪೆಡಲಿನಲ್ಲಿ ಡಿಲೇ, ರಿವರ್ಬ್, ಕೋರಸ್ ಮಾತ್ರ ಆನ್ ಇರಲಿ. ಬಾಸ್ ಜಿಟಿ-1ರಂತಹ ಚಿಕ್ಕ ಪೆಡಲಿಗೆ ತನ್ನದೇ ಸೆಂಡ್, ರಿಟರ್ನ್ ಇಲ್ಲ. ಅಂಥವರಿಗೆ ಇದೇ ದಾರಿ, ಇದರಲ್ಲಿ ನಾಚಿಕೆಯೇನೂ ಇಲ್ಲ.

ಪೂರ್ಣ ದಾರಿ: ವಾ, ಕಂಪ್ರೆಸರ್, ಓವರ್‌ಡ್ರೈವ್ ಇವು ಪ್ರೀಆಂಪಿನ ಮೊದಲೇ ಇರಬೇಕು. ಅವೂ ಬೇಕು, ಡಿಲೇಯೂ ಸರಿಯಾದ ಜಾಗದಲ್ಲಿ ಬೇಕು ಎಂದರೆ ನಾಲ್ಕು ಕೇಬಲಿನ ಜೋಡಣೆ ಮಾಡಬೇಕು. ಗಿಟಾರಿನಿಂದ ಪೆಡಲಿನ ಇನ್‌ಪುಟ್‌ಗೆ ಒಂದು. ಪೆಡಲಿನ ಸೆಂಡ್‌ನಿಂದ ಆಂಪಿನ ಇನ್‌ಪುಟ್‌ಗೆ ಎರಡು. ಆಂಪಿನ ಸೆಂಡ್‌ನಿಂದ ಪೆಡಲಿನ ರಿಟರ್ನ್‌ಗೆ ಮೂರು. ಪೆಡಲಿನ ಔಟ್‌ಪುಟ್‌ನಿಂದ ಆಂಪಿನ ರಿಟರ್ನ್‌ಗೆ ನಾಲ್ಕು. ಬಾಸ್ ಜಿಟಿ-1000, ಲೈನ್ 6 ಎಚ್‌ಎಕ್ಸ್ ಸ್ಟಾಂಪ್‌ನಂತಹ ಪೆಡಲುಗಳಲ್ಲಿ ಇದು ಸಾಧ್ಯ. ಪೆಡಲಿನ ಪರದೆಯಲ್ಲಿ ಸೆಂಡ್-ರಿಟರ್ನ್ ಬ್ಲಾಕನ್ನು ಓವರ್‌ಡ್ರೈವ್ ಮತ್ತು ಡಿಲೇಯ ನಡುವೆ ಇಡಿ. ನಾಲ್ಕು ಕೇಬಲಿಗೂ ನಾಲ್ಕು ಬಣ್ಣದ ಟೇಪ್ ಸುತ್ತಿ. ಹಬ್ಬದ ದಿನ ಗಡಿಬಿಡಿಯಲ್ಲಿ ಜೋಡಿಸುವವರು ನೀವೇ ಆಗಿರಬೇಕೆಂದಿಲ್ಲ.

ಆಂಪಿನಲ್ಲಿ ಲೂಪ್ ಇಲ್ಲವೇ? ಇನ್ನೊಮ್ಮೆ ನೋಡಿ. ಬಾಸ್ ಕಟಾನಾ-50 ಎಂಕೆ2ರಲ್ಲಿ ಲೂಪ್ ಇಲ್ಲ, ಆದರೆ ‘ಪವರ್ ಆಂಪ್ ಇನ್’ ಇದೆ. ಅಲ್ಲಿಗೆ ಪೆಡಲನ್ನು ಕೊಟ್ಟರೆ ಆಂಪಿನ ಪ್ರೀಆಂಪ್ ಬದಿಗೆ ಸರಿದು ಪೆಡಲೇ ಪ್ರೀಆಂಪ್ ಆಗುತ್ತದೆ. ಆಗ ಪೆಡಲಿನ ಆಂಪ್ ನಕಲು ಆನ್ ಇರಲಿ, ಸ್ಪೀಕರ್ ನಕಲು ಆಫ್ ಇರಲಿ. ಸ್ಪೀಕರು ಎದುರಿಗೇ ಇದೆಯಲ್ಲ.

ಜೋಡಿಸಿದ ಮೇಲೂ ಕರ್ಕಶವಾಗಿದ್ದರೆ ಲೆವೆಲ್ ನೋಡಿ. ಲೂಪಿನಿಂದ ಬರುವ ಸಿಗ್ನಲ್ ಗಿಟಾರಿನ ಸಿಗ್ನಲಿಗಿಂತ ಬಹಳ ಬಲವಾಗಿರಬಹುದು. 1975ರಿಂದ ತಯಾರಾಗುತ್ತಿರುವ ರೋಲ್ಯಾಂಡ್ ಜೆಸಿ-120 ಆಂಪಿನ ಈಗಿನ ಮಾದರಿಯ ಬೆನ್ನಿನಲ್ಲಿ ಇದಕ್ಕೆಂದೇ -20 ಮತ್ತು +4 ಡಿಬಿಎಂ ಎಂಬ ಸ್ವಿಚ್ ಇದೆ. ಎರಡರ ನಡುವಿನ ಅಂತರ ವೋಲ್ಟೇಜಿನಲ್ಲಿ ಸುಮಾರು 16 ಪಟ್ಟು. ಪೆಡಲಿಗೆ ತಡೆಯದಷ್ಟು ಕೊಟ್ಟರೆ ಅದು ಹರಿದ ಸದ್ದು ಮಾಡುತ್ತದೆ, ಕಡಿಮೆ ಕೊಟ್ಟರೆ ‘ಸ್’ ಎಂಬ ಗಾಳಿಸದ್ದು ಏಳುತ್ತದೆ. ಪೆಡಲಿನಲ್ಲೂ ‘ಲೈನ್’ ಮತ್ತು ‘ಇನ್‌ಸ್ಟ್ರುಮೆಂಟ್’ ಆಯ್ಕೆ ಇದ್ದರೆ ಆಂಪಿಗೆ ಹೊಂದಿಸಿ. ಲೂಪಿಗೆ ‘ಸೀರೀಸ್’, ‘ಪ್ಯಾರಲಲ್’ ಸ್ವಿಚ್ ಇದ್ದರೆ ಸೀರೀಸ್‌ಗೆ ಹಾಕಿ. ಪ್ಯಾರಲಲ್ ಮಾತ್ರ ಇದ್ದರೆ ಪೆಡಲಿನ ಮಿಕ್ಸ್ 100 ಇರಲಿ.

ಇನ್ನು ನಮ್ಮ ಕರಾವಳಿಯದ್ದೇ ಒಂದು ಕಾಯಿಲೆ. ಮಳೆಗಾಲ ಮುಗಿದಾಗ ಆಂಪಿನ ಸದ್ದು ಬಂದು ಬಂದು ನಿಲ್ಲುತ್ತದೆ. “ಸತ್ತಿದೆ” ಎಂದು ತೀರ್ಪು ಕೊಟ್ಟಾಗುತ್ತದೆ. ಲೂಪ್ ಬಳಸದಿದ್ದಾಗ ಸಿಗ್ನಲ್ ಸಾಮಾನ್ಯವಾಗಿ ರಿಟರ್ನ್ ಜ್ಯಾಕಿನೊಳಗಿನ ಸಣ್ಣ ಲೋಹದ ಪಟ್ಟಿಯ ಮೂಲಕವೇ ದಾಟುತ್ತದೆ. ಉಪ್ಪುಗಾಳಿಗೆ, ತೇವಕ್ಕೆ ಆ ಪಟ್ಟಿ ಕಪ್ಪಾಗಿ ಸಂಪರ್ಕ ತಪ್ಪುತ್ತದೆ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗಿಡ್ಡ ಕೇಬಲ್ ಸಿಕ್ಕಿಸಿ ನೋಡಿ. ಸದ್ದು ಮರಳಿ ಬಂದರೆ ಜ್ಯಾಕನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಸ್ವಚ್ಛ ಮಾಡಿಸಿದರೆ ಸಾಕಾದೀತು. ಒಂದು ಗಿಡ್ಡ ಕೇಬಲಿನ ಪರೀಕ್ಷೆಯನ್ನೂ ಮಾಡದೆ ಆಂಪನ್ನು ಗುಜರಿಗೆ ಕಳಿಸುವುದು ಯಾವ ನ್ಯಾಯ?

ಒಂದು ವಿಷಯದಲ್ಲಿ ಮಾತ್ರ ನಾವು ಯಾರ ಜೊತೆಗೂ ರಾಜಿಯಾಗುವುದಿಲ್ಲ. ನಾಲ್ಕು ಕೇಬಲ್ ಹಾಕಿದಾಗ ಕೆಲವೊಮ್ಮೆ ‘ಹುಂ’ ಎಂಬ ಸದ್ದು ಬರುತ್ತದೆ. ಆಗ “ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡು” ಎನ್ನುವ ಬುದ್ಧಿವಂತರು ಸಿಗುತ್ತಾರೆ. ಅದು ಕೊಲ್ಲುವ ಸಲಹೆ. ಗಿಟಾರಿನ ತಂತಿ ಕೇಬಲಿನ ಮೂಲಕ ಆಂಪಿನ ಲೋಹದ ಮೈಗೆ ಸೇರಿರುತ್ತದೆ. ತುಟಿ ಮೈಕಿಗೆ ತಾಗುತ್ತದೆ. ಅರ್ಥ್ ಇಲ್ಲದ ಆಂಪಿನಲ್ಲಿ ದೋಷ ಬಂದರೆ 230 ವೋಲ್ಟ್ ಹಾದುಹೋಗುವುದು ಹಾಡುವ ಹುಡುಗನ ಮೈಯಲ್ಲಿ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಶಾಕ್ ಹೊಡೆದು ತೀರಿಕೊಂಡರು. ಹುಂ ತೆಗೆಯಲು ಬೇರೆ ದಾರಿಗಳಿವೆ: ಆಂಪಿಗೂ ಪೆಡಲಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ, ಕೇಬಲುಗಳನ್ನು ಅಡಾಪ್ಟರಿನಿಂದ ದೂರ ಇಡಿ, ಆಮೇಲೂ ಹೋಗದಿದ್ದರೆ ಲೂಪಿನ ಕೇಬಲಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಹಾಗೆಯೇ ಆಂಪಿನ ‘ಸ್ಪೀಕರ್ ಔಟ್’ ತೂತನ್ನು ಸೆಂಡ್ ಎಂದು ತಿಳಿದು ಪೆಡಲಿಗೆ ಕೊಡಬೇಡಿ. ಪೆಡಲ್ ಸುಟ್ಟುಹೋದೀತು. ವಾಲ್ವ್ ಆಂಪಾದರೆ ಸ್ಪೀಕರ್ ಜೋಡಿಸದೆ ಆನ್ ಮಾಡಲೇಬೇಡಿ.

ಇಷ್ಟೆಲ್ಲ ಒಂದು ಗಿಟಾರಿಗಾಗಿಯೇ ಎಂದು ಹಿರಿಯರು ಕೇಳಬಹುದು. ಗಿಟಾರಿಗಾಗಿ ಅಲ್ಲ, ಮಾತಿಗಾಗಿ. ಹಾಡಿನ ವ್ಯಂಜನಗಳು ಸ್ಪಷ್ಟವಾಗಿ ಕೇಳಿಸಲು ಬೇಕಾದ ಧ್ವನಿ ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಕೆಟ್ಟದಾಗಿ ಜೋಡಿಸಿದ ಪೆಡಲಿನ ಗಿಜಿಗಿಜಿ ಬಂದು ಕೂರುವುದೂ ಅಲ್ಲಿಯೇ. ಎತ್ತರದ ಮಾಡಿನ ನಮ್ಮ ಚರ್ಚುಗಳಿಗೆ ತಮ್ಮದೇ ಮರುದನಿ ಇದೆ, ಅದರ ಮೇಲೆ ಪೆಡಲಿನದ್ದೂ ಸೇರಿದರೆ ‘ಕರುಣೆ’ ‘ಅರುಣೆ’ಯಾಗಿ ಕೇಳಿಸುತ್ತದೆ. ಗಡಿಯ ಈಚೆಗಿರುವ ನಮ್ಮ ಎಷ್ಟೋ ಮಕ್ಕಳು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಒಳ್ಳೆಯ ಕನ್ನಡ ಶಬ್ದಗಳು ಅವರ ಕಿವಿಗೆ ಬೀಳುವ ಕೆಲವೇ ಜಾಗಗಳಲ್ಲಿ ಭಾನುವಾರದ ಹಾಡೂ ಒಂದು. ಆ ಶಬ್ದಗಳನ್ನು ನಮ್ಮ ಡಿಲೇ ನುಂಗಬಾರದು.

ಹಣದ ಮಾತನ್ನೂ ನೇರವಾಗಿಯೇ ಆಡೋಣ. ಎರಡು ಮೂರು ಒಳ್ಳೆಯ ಕೇಬಲಿನ ಖರ್ಚಿನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಆಂಪಿನ ಬೆಲೆ ತೆರುವುದು, ಮೀನು ಮಾರಿ, ಬೀಡಿ ಕಟ್ಟಿ, ಮರುಭೂಮಿಯಲ್ಲಿ ದುಡಿದು ಕೊಟ್ಟವರಿಗೆ ಮಾಡುವ ಅವಮಾನ. ಅದೇ ಹಣದಲ್ಲಿ ಒಳ್ಳೆಯ ಮೈಕ್ ತರಬಹುದು, ಕಲಿಯುವ ಮಕ್ಕಳಿಗೆ ಒಂದೆರಡು ಗಿಟಾರ್ ತರಬಹುದು.

ಆದ್ದರಿಂದ ನಮ್ಮ ಬೇಡಿಕೆ ಇದು. ಮುಂದಿನ ಸಭೆಯಲ್ಲಿ ‘ಹೊಸ ಆಂಪ್’ ಎಂಬ ವಿಷಯ ಬಂದರೆ, ಮೊದಲು ಹಳೆಯ ಆಂಪನ್ನು ಸಭೆಗೇ ತನ್ನಿ. ಎಲ್ಲರ ಎದುರು ಪೆಡಲನ್ನು ಮುಂದೆ ಜೋಡಿಸಿ ಒಂದು ಹಾಡು ನುಡಿಸಿ, ಲೂಪಿನಲ್ಲಿ ಜೋಡಿಸಿ ಅದೇ ಹಾಡನ್ನು ಇನ್ನೊಮ್ಮೆ ನುಡಿಸಿ. ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಯನ್ನು ಕೇಳಿ, ಯಾವುದರಲ್ಲಿ ಮಾತು ಗೊತ್ತಾಯಿತು ಎಂದು. ಎರಡರಲ್ಲೂ ಗೊತ್ತಾಗಲಿಲ್ಲ ಎಂದು ಅವರು ಹೇಳಿದರೆ, ಆಗ ಚಂದಾ ಪುಸ್ತಕ ತೆಗೆಯಿರಿ. ಮೊದಲ ರಶೀದಿ ನಮ್ಮ ಹೆಸರಿಗೇ ಬರೆಯಿರಿ.